ಕಣ್ಣು ಬಿಟ್ಟ ಫೋಟೋ

ನನ್ನದೊಂದು ದೋಷವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕ್ಯಾಮೆರಾ ಕ್ಲಿಕ್ಕೆನ್ನುವ ಹೊತ್ತಿಗೆ ಸರಿಯಾಗಿ ನಾನು ಕಣ್ಣು ಮುಚ್ಚುತ್ತೇನೆ. ಬೇರೆ ಯಾವ ಕೆಲಸದಲ್ಲೂ ನನಗೆ ಇಷ್ಟು ಸಮಯಪ್ರಜ್ಞೆ ಇಲ್ಲ. ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋದಲ್ಲಿ ಮೂರನೇ ಸಾಲಿನಲ್ಲಿ ನಿಂತೇ ನಿದ್ದೆ ಹೊಡೆಯುತ್ತಿರುವವನು ನಾನೇ. ಮದುವೆ ಆಲ್ಬಮ್ಮಿನಲ್ಲಿ ತಾಳಿ ಕಟ್ಟುವಾಗಲೂ ಕಣ್ಣು ಮುಚ್ಚಿದೆ. "ಅವತ್ತೇ ಕಣ್ಬಿಟ್ಟು ನೋಡಿದ್ರೆ ಈ ಪಾಡು ತಪ್ತಿತ್ತು ಕಣಪ್ಪ" ಎಂದು ಭಾವ ಛೇಡಿಸುವುದುಂಟು. ಆ ಮಾತನ್ನು ಅವರು ಆಡುವುದು ನನ್ನ ಹೆಂಡತಿ ಗಿರಿಜೆ ಅಡುಗೆಮನೆಯಲ್ಲಿದ್ದಾಗ ಮಾತ್ರ.

ಈ ಬೇಸಿಗೆಯಲ್ಲಿ ಅಕ್ಕ, ಭಾವ ತುರುವೇಕೆರೆಯಿಂದ ತಿಪಟೂರಿನ ನಮ್ಮ ಮನೆಗೆ ಬಂದಿದ್ದಾಗ ಅವ್ವ ಗೋಡೆ ನೋಡುತ್ತಾ ಅಂದಳು: "ಕಣ್ ಮುಚ್ಚಿರೋ ಮಗನ್ನ ನೋಡಿ ನೋಡಿ ಸಾಕಾಗೈತೆ. ನಾನು ಕಣ್ ಮುಚ್ಚೋದ್ರೊಳಗೆ ನೀನು ಕಣ್ ಬಿಟ್ಟಿರೋ ಒಂದು ಫೋಟೋ ಈ ಗೋಡೆ ಮ್ಯಾಲೆ ಬರ್ಬೇಕು ಕಣ್ಲಾ." ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಎಪ್ಪತ್ತೆಂಟು ವರ್ಷದ ತಾಯಿ ಮಗನಿಂದ ಕೇಳಿದ್ದು ಒಂದು ಜೊತೆ ಕಣ್ಣು, ಅದನ್ನೂ ಕೊಡಲಾಗದಿದ್ದರೆ ಹೇಗೆ? ಭಾನುವಾರ ಬೆಳಗ್ಗೆ ಪಾರ್ಕಿನಲ್ಲಿ ಫೋಟೋ ಎಂದು ಆಗಲೇ ತೀರ್ಮಾನವಾಯಿತು.

ಗಿರಿಜೆ ಬಟ್ಟೆಯ ಖಾತೆ ವಹಿಸಿಕೊಂಡಳು. ಎಲ್ಲರೂ ಒಂದೇ ಬಣ್ಣ ಉಡಬೇಕು, ಅದೇ ಈಗಿನ ರೂಢಿ ಎಂದಳು. "ನಾವೇನು ಬ್ಯಾಂಡ್‌ಸೆಟ್ಟಿನೋರಾ?" ಎಂದಳು ಅವ್ವ. ಕೊನೆಗೆ ಹಳದಿ ಎಂದಾಯಿತು. ನಾನು ವಹಿಸಿಕೊಂಡದ್ದು ಕಣ್ಣಿನ ಖಾತೆ. ರೆಪ್ಪೆ ಬಡಿಯದೆ ನೋಡುವ ಸಾಧನೆ ನಾಲ್ಕು ದಿನ ನಡೆಯಿತು. ಮಗಳು ಸಿಂಚನ ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿದ್ದಳು. ಊಟಕ್ಕೆ ಕೂತಾಗಲೂ ಅಭ್ಯಾಸ ಬಿಡಲಿಲ್ಲ. "ಸಾರಿಗೆ ಉಪ್ಪು ಜಾಸ್ತಿಯಾಗಿದ್ರೆ ಬಾಯಲ್ಲಿ ಹೇಳಿ, ಹಂಗೆ ಗುರಾಯಿಸ್ಬೇಡಿ" ಎಂದಳು ಗಿರಿಜೆ. ಶನಿವಾರದ ಹೊತ್ತಿಗೆ ನಲವತ್ತು ಸೆಕೆಂಡು ಮುಟ್ಟಿದ್ದೆ.

ಏಳು ಗಂಟೆಗೆ ಬನ್ನಿ, ಎಳೆಬಿಸಿಲು ಚೆನ್ನಾಗಿರುತ್ತದೆ ಎಂದಿದ್ದರು ಫೋಟೋಗ್ರಾಫರು. ಅಕ್ಕನ ಸೀರೆಗೆ ಮ್ಯಾಚಿಂಗ್ ಬಳೆ ಸಿಗುವ ಹೊತ್ತಿಗೆ ಎಂಟೂವರೆಯಾಗಿ ಬಿಸಿಲೂ ಬಲಿತಿತ್ತು. ಫೋಟೋಗ್ರಾಫರು ರಾಯಚೂರಿನ ಕಡೆಯವರು, ನಮ್ಮೂರಿನಲ್ಲಿ ಸ್ಟುಡಿಯೋ ತೆರೆದು ಮೂರು ತಿಂಗಳಾಗಿತ್ತಷ್ಟೆ. ಇಡೀ ಪಾರ್ಕು ಸುತ್ತಿ ಅವರು ಆರಿಸಿದ್ದು ಒಂದು ತೆಂಗಿನ ಮರದ ಬುಡವನ್ನು. "ಇದು ನಿಮ್ಮ ಊರಿನ ಗುರ್ತು ನೋಡ್ರಿ ಸರ, ಮಸ್ತ್ ಬರ್ತದ" ಎಂದು ಆರೂ ಜನರನ್ನು ಅಲ್ಲಿ ಜೋಡಿಸಿದರು.

ನಮ್ಮ ಕಡೆಯವರನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಿ ಮುಂದೆ ನೋಡಿ ಎನ್ನುವುದು, ಹಸಿದವನ ಮುಂದೆ ಎಲೆ ಹಾಕಿ ಗೋಡೆ ನೋಡು ಎಂದ ಹಾಗೆ. ನಡೆಯಲು ಕಲಿತಾಗಿನಿಂದ ಮರದ ಕೆಳಗೆ ಕಾಲಿಡುವ ಮುಂಚೆ ಕತ್ತು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಅದರಲ್ಲೂ ಪಾರ್ಕಿನ ಮರಕ್ಕೆ ದಿಕ್ಕುದೆಸೆ ಇಲ್ಲ, ಕಾಯಿ ಕೆಡವುವವರಿಲ್ಲ. "ರೆಡಿ, ಸ್ಮೈಲ್" ಎಂದರು ಫೋಟೋಗ್ರಾಫರು. ಭಾವ ಮೇಲೆ ನೋಡಿದರು. "ಎಡಗಡೆ ಗೊನೆ ಪೂರ್ತಿ ಒಣಗೈತೆ ಕಣ್ರೀ." ಅಕ್ಕ ನೋಡಿದಳು. "ಗರೀನೂ ಜೋತುಬಿದ್ದೈತೆ." "ಸರ, ಈ ಕಡಿ ನೋಡ್ರಿ!" ಎಂದು ಅವರು ಕೂಗಿಕೊಂಡರೂ ಒಬ್ಬರು ಕತ್ತು ಇಳಿಸಿದರೆ ಇನ್ನೊಬ್ಬರು ಎತ್ತುತ್ತಿದ್ದರು. ನಾನು ಮಾತ್ರ ಪ್ರಪಂಚ ಮುಳುಗಿದರೂ ಸರಿ ಎಂದು ಕಣ್ಣು ಕಿಸಿದು ನಿಂತಿದ್ದೆ. ನಲವತ್ತನೇ ಸೆಕೆಂಡೂ ದಾಟಿತ್ತು. ಅಷ್ಟರಲ್ಲಿ ಗಾಳಿ ಬೀಸಿ ಮೇಲೆ ಸರಸರ ಸದ್ದಾಯಿತು. ಗೋಲಿಯಷ್ಟು ಹರಳು, ಬಲಿಯುವ ಮುಂಚೆಯೇ ಉದುರುವ ಎಳೆಗಾಯಿ, ಭಾವನ ಬೋಳುತಲೆಗೆ ಟಪ್ಪೆಂದು ಬಿತ್ತು. ಕ್ಲಿಕ್!

"ಇವತ್ತು ಹರಳು, ನಾಳೆ ಕಾಯಿ. ನಡೀರ್ಲಾ ಆಚೆಗೆ" ಎಂದು ಅವ್ವ ಎಲ್ಲರನ್ನೂ ಹೊರಡಿಸಿದಳು. ಆಮೇಲೆ ಗುಲಾಬಿ ಮಡಿಯ ಪಕ್ಕ ಮೂವತ್ತು ಫೋಟೋ ತೆಗೆದರು. ಅಷ್ಟರಲ್ಲೂ ಐವರು ಲಕ್ಷಣವಾಗಿ ನಗುತ್ತಿದ್ದಾರೆ. ಕಣ್ಣುರಿ ಹತ್ತಿದ್ದ ನಾನು ಅಷ್ಟರಲ್ಲೂ ಕಣ್ಣು ಮುಚ್ಚಿದ್ದೇನೆ.

ಹಾಗಾಗಿ ಗೋಡೆಗೇರಿದ್ದು ಮರದ ಕೆಳಗಿನದೇ. ಐದು ಜನ ಬಾಯಿ ತೆರೆದು ಆಕಾಶ ನೋಡುತ್ತಿದ್ದಾರೆ, ನಾನೊಬ್ಬ ಜಗತ್ತನ್ನೇ ನುಂಗುವವನಂತೆ ಮುಂದೆ ನೋಡುತ್ತಿದ್ದೇನೆ. ಅವ್ವ ದಿನಕ್ಕೆರಡು ಸಲ ಸೆರಗಿನಿಂದ ಗಾಜು ಒರೆಸುತ್ತಾಳೆ. ಅದನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಮೊನ್ನೆ ಅರಳಗುಪ್ಪೆಯಿಂದ ಬಂದ ನೆಂಟರೊಬ್ಬರು ಅದನ್ನು ನೋಡಿ, "ಕಣ್ಣೇನೋ ಬಿಟ್ಟವ್ನೆ ಬುಡವ್ವ, ನೋಡ್ಬೇಕಾದ್ ಕಡೆ ನೋಡ್ನಿಲ್ವಲ್ಲ" ಎಂದರು. ಅವ್ವ ಬಿಡಲಿಲ್ಲ. "ಅವ್ನು ಮುಂದೆ ನೋಡ್ಕಂಡಿರ್ಲಿ ಅಂತ್ಲೇ ನಾವು ಐದು ಜನ ಮ್ಯಾಲೆ ನೋಡಿದ್ದು ಕಣಪ್ಪ!"

ಅವ್ವನ ಮಾತು ಕೇಳಿ, ಇನ್ನಾದರೂ ನನ್ನ ತಲೆಯನ್ನು ನಾನೇ ನೋಡಿಕೊಳ್ಳಬೇಕೆಂದು ನಿಶ್ಚಯಿಸಿ, ಕತ್ತೆತ್ತಿ ನಮ್ಮ ತೆಂಗಿನ ಮರಗಳ ಗೊನೆಗಳನ್ನು ಪರೀಕ್ಷಿಸುತ್ತಾ ಹಿತ್ತಲಿನಲ್ಲಿ ನಡೆದೆ. ಹಸು ಕಟ್ಟುವ ಗೂಟ ಎಡವಿ ಬೋರಲು ಬಿದ್ದೆ. ಓಡಿಬಂದ ಸಿಂಚನ ಮೊದಲು ಫೋಟೋ ತೆಗೆದು ಆಮೇಲೆ ಕೈ ಕೊಟ್ಟಳು. ಅದರಲ್ಲೂ ಕಣ್ಣು ಮುಚ್ಚಿದ್ದೇನೆ.