ಷಡ್ಡಕರ ಸೈನ್ಯದಲ್ಲಿ ನನ್ನ ನೌಕರಿ

ನಾನು ಸತ್ತ ಸುದ್ದಿಯನ್ನು ನನಗೇ ಫೋನ್ ಮಾಡಿ ತಿಳಿಸುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಷಡ್ಡಕರು. ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಬೇರೆಯವರ ಷಡ್ಡಕರು ಯುಗಾದಿಗೆ ಫೋನ್ ಮಾಡುತ್ತಾರೆ, ದೀಪಾವಳಿಗೆ ಮಾಡುತ್ತಾರೆ. ನಮ್ಮವರು ನನ್ನ ಸಾವಿಗೆ ಮಾಡುತ್ತಿದ್ದರು! ಒಮ್ಮೆ ಸತ್ತಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ನಾನು ಹೆಚ್ಚುಕಡಿಮೆ ಪ್ರತಿ ರವಿವಾರ ಸಾಯುತ್ತಿದ್ದೆ. ಸೋಮವಾರ ಎದ್ದು ಆಫೀಸಿಗೆ ಹೋಗುತ್ತಿದ್ದೆ. ಎರಡರಲ್ಲಿ ಯಾವುದು ಹೆಚ್ಚು ದಣಿವಿನ ಕೆಲಸ ಎಂದು ಕೇಳಬೇಡಿ, ನನಗೂ ಇನ್ನೂ ಗೊತ್ತಾಗಿಲ್ಲ.

ನಾವಿಬ್ಬರೂ ಬಾಗಲಕೋಟೆ ಕಡೆಯವರು. ಹೊಟ್ಟೆಪಾಡಿಗೆ ಪುಣೆಗೆ ಬಂದು ಅಲ್ಲೇ ಉಳಿದವರು. ಅವರು ಒಂದು ಪಂಪಿನ ಕಾರ್ಖಾನೆಯ ಉಗ್ರಾಣದಲ್ಲಿ ಹೆಡ್ ಕ್ಲಾರ್ಕು. ಶಿವಾಜಿನಗರದಲ್ಲಿ ಎರಡು ಕೋಣೆಯ ಮನೆ. ದಪ್ಪ ಮೀಸೆ, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ದಾರಿಯಲ್ಲಿ ನಾಯಿ ಬೊಗಳಿದರೆ ಈ ಬದಿಯ ಫುಟ್‌ಪಾತು ಬಿಟ್ಟು ಆ ಬದಿಗೆ ಹೋಗುವ ಸಾಧು ಪ್ರಾಣಿ. ಇಂಥವರು ರಣರಂಗಕ್ಕೆ ಇಳಿದದ್ದು ಹೇಗೆ? ಎರಡು ಸಾವಿರದ ಇಸವಿ ಆದಮೇಲೆ ಅವರ ಕಾರ್ಖಾನೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಹೊರಗೆ ಹಾಕಿದರು. ಮನೆಯಲ್ಲೇ ಕಂಪ್ಯೂಟರು ಕಲಿತು ಸಾಹೇಬರ ಮುಂದೆ ಎದೆಯುಬ್ಬಿಸಿ ನಿಲ್ಲಬೇಕೆಂದು ಇವರು ಒಂದನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಅದರೊಳಗೆ ಯಾವನೋ ಕಳ್ಳ ನೌಕರ ಒಂದು ಯುದ್ಧದ ಆಟವನ್ನು ಅಡಗಿಸಿಟ್ಟಿದ್ದ. ಕಲಿಯುವುದು ಅಲ್ಲಿಗೇ ಮುಗಿಯಿತು!

ಆಟವೆಂದರೆ ಢಂ ಢಂ ಎಂದು ಗುಂಡು ಹಾರಿಸಿ ಮುಗಿಸುವ ಆಟವಲ್ಲ. ಹದ್ದು ಮೇಲಿಂದ ನೋಡಿದಂತೆ ಒಂದು ಊರು ಕಾಣಿಸುತ್ತದೆ. ಹೊಲ, ಮೋಟುಗೋಡೆ, ಒಂದು ಸೇತುವೆ. ಅಲ್ಲಿ ನಿಮ್ಮ ಕೈಕೆಳಗೆ ಬೆರಳೆಣಿಕೆಯ ಸಿಪಾಯಿಗಳು. ನೀನು ಗೋಡೆಯ ಮರೆಗೆ ಓಡು, ನೀನು ಅಲ್ಲಿ ಮಲಗಿ ಗುಂಡು ಹಾರಿಸು, ನೀನು ತೆವಳುತ್ತ ಬಾ ಎಂದು ಒಬ್ಬೊಬ್ಬರಿಗೂ ಹೇಳಬೇಕು. ಬಯಲಿನಲ್ಲಿ ನಿಂತವನು ಸತ್ತ. ಒಬ್ಬನು ಗುಂಡು ಹಾರಿಸಿ ವೈರಿಯ ತಲೆ ಏಳದಂತೆ ಮಾಡುವಾಗ ಇನ್ನೊಬ್ಬನು ಓಡಬೇಕು. ಓಡಿ ಓಡಿ ದಣಿದರೆ ಅವನ ತಲೆಯ ಮೇಲಿನ ಹಸಿರು ಗೆರೆ ಕೆಂಪಾಗಿ ಹೆಜ್ಜೆ ನಿಧಾನವಾಗುತ್ತದೆ. ಹೆದರಿದರೆ ಮುಖ ಮಣ್ಣಿಗೆ ಹಚ್ಚಿ ಮಲಗಿಬಿಡುತ್ತಾನೆ, ದೇವರು ಬಂದು ಹೇಳಿದರೂ ಏಳುವುದಿಲ್ಲ.

ಆ ಸಿಪಾಯಿಗಳಿಗೆ ನಮಗೆ ಬೇಕಾದ ಹೆಸರು ಇಡಬಹುದಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಸಿಂಹ, ಹುಲಿ ಎಂದು ಇಡುತ್ತಿದ್ದರು. ಷಡ್ಡಕರು ನಮ್ಮ ಇಡೀ ಬಳಗವನ್ನು ಸೈನ್ಯಕ್ಕೆ ಭರ್ತಿ ಮಾಡಿಬಿಟ್ಟರು!

"ಹಿಂಗ್ಯಾಕ್ರಿ ಅಣ್ಣಾರ?" ಎಂದು ಕೇಳಿದೆ.

"ಗುರ್ತಿನ ಮಂದಿ ಇದ್ರ ಕಾಳಜಿಲೆ ಆಡಸ್ತೀವ್ರಿ" ಎಂದರು.

ಅವರ ಕಾಳಜಿ ಎಷ್ಟಿತ್ತೆಂದರೆ, ಒಂದು ಸೋಮವಾರ ನನ್ನ ಆಫೀಸಿಗೆ ಫೋನ್ ಬಂತು. ಆಗ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಆಫೀಸಿನ ಫೋನು ಇದ್ದದ್ದು ಸಾಹೇಬರ ಮೇಜಿನ ಮೇಲೆ.

"ರೀ, ಸ್ವಲ್ಪ ಕೆಟ್ಟ ಸುದ್ದಿ ಅದ. ಮನಸ್ಸು ಗಟ್ಟಿ ಮಾಡ್ಕೋರಿ" ಎಂದರು ಷಡ್ಡಕರು.

ಅತ್ತೆಯವರಿಗೆ ಏನಾದರೂ ಆಯಿತೆ? "ಯಾರಿಗೇನಾತ್ರಿ?"

"ನಿನ್ನೆ ಮಧ್ಯಾಹ್ನ ನೀವು ಹೋಗಿಬಿಟ್ರಿ."

"ಎಲ್ಲಿಗ್ರಿ?"

"ಎಲ್ಲಿಗೇನ್ರಿ! ಹೋಗೇ ಬಿಟ್ರಿ. ಸೇತುವಿ ಹತ್ರ. ಭಾಳ ಕೆಟ್ಟ ಅನಸ್ತು. ನಮ್ಮಾಕಿನೂ ಊಟ ಮಾಡಲಿಲ್ಲ."

ಹೆಂಡತಿಯ ಅಕ್ಕ ಊಟ ಬಿಟ್ಟದ್ದು ನನ್ನ ಸಾವಿಗಲ್ಲ, ಗಂಡ ಕಂಪ್ಯೂಟರಿನ ಮುಂದಿನಿಂದ ಏಳದ ಸಿಟ್ಟಿಗೆ ಎಂಬುದು ಆಮೇಲೆ ತಿಳಿಯಿತು. ನಾನು ರಿಸೀವರು ಇಟ್ಟ ಮೇಲೆ ನನ್ನ ಮುಖ ನೋಡಿ ಸಾಹೇಬರು, "ಕಾಯ್ ಝಾಲಂ? ಘರೀ ಸಗಳಂ ಠೀಕ್ ಆಹೇ ನಾ?" ಎಂದರು, ಮನೆಯಲ್ಲಿ ಎಲ್ಲ ಸರಿ ತಾನೇ ಎಂದು.

"ಠೀಕ್ ಆಹೇ ಸಾಹೇಬ್. ಫಕ್ತ ಮೀ ವಾರಲೋ" ಎಂದುಬಿಟ್ಟೆ. ಎಲ್ಲ ಸರಿ, ನಾನು ಮಾತ್ರ ತೀರಿಕೊಂಡೆ!

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಗ್ ಸುಟ್ಟಿ ಪಾಹಿಜೇ ಕಾ?" ಎಂದರು. ಹಾಗಾದರೆ ರಜೆ ಬೇಕೆ?

ಬೇಡ ಎಂದೆ. ಸತ್ತರೂ ರಜೆ ಕೇಳಲು ನಾಲಿಗೆ ಏಳದ ಮನುಷ್ಯ ನಾನು. ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.

ಸೈನ್ಯದಲ್ಲಿ ಯಾರಿಗೆ ಯಾವ ಹುದ್ದೆ ಎಂಬ ಸುದ್ದಿ ನಿಧಾನವಾಗಿ ಬಳಗದಲ್ಲೆಲ್ಲ ಹಬ್ಬಿತು. ನಮ್ಮ ಅತ್ತೆಯವರಿಗೆ ಮಷಿನ್ ಗನ್ ಕೊಟ್ಟಿದ್ದರು. "ಅವರ ಮುಂದ ಯಾರೂ ತಲಿ ಎತ್ತಂಗಿಲ್ಲ" ಎಂಬುದು ಅಳಿಯನ ಸಮರ್ಥನೆ. ಅತ್ತೆಯವರು ಕೇಳಿ ಸಿಟ್ಟಾಗುತ್ತಾರೆಂದು ನಾವು ಹೆದರಿದ್ದರೆ, ಅವರು ಸೆರಗು ಸರಿಮಾಡಿಕೊಂಡು, "ನನ್ನ ಕಿಮ್ಮತ್ತು ಇವರೊಬ್ಬರಿಗರೆ ಗೊತ್ತಾತಲ್ಲ" ಎಂದು ಹಿಗ್ಗಿದರು. ಸಿಟ್ಟಾದವನು ನನ್ನ ಹೆಂಡತಿಯ ತಮ್ಮ, ಪುಣೆಯ ಹತ್ತಿರದ ಶಿರೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು. ಅವನನ್ನು ಗುಂಡಿನ ಪೆಟ್ಟಿಗೆ ಹೊರುವವನನ್ನಾಗಿ ಮಾಡಿದ್ದರು. "ದಿನಾ ಗೊಬ್ಬರದ ಚೀಲ ಹೊರೂದು ಸಾಲದಂತ ಅಲ್ಲಿನೂ ಹೊರಬೇಕೇನು?" ಎಂದು ಅವನು ದೀಪಾವಳಿಗೆ ಬರಲಿಲ್ಲ.

ನನ್ನ ಹುದ್ದೆ? ಎಲ್ಲರಿಗಿಂತ ಮುಂದೆ ಓಡುವುದು. ಗೋಡೆಯ ಆಚೆ ವೈರಿ ಇದ್ದಾನೋ ಇಲ್ಲವೋ ನೋಡಬೇಕಾದರೆ ನನ್ನನ್ನು ಕಳಿಸುವುದು. ನಾನು ಸತ್ತರೆ ಇದ್ದಾನೆ ಎಂದರ್ಥ.

"ನಿಮ್ಮನ್ನ ಯಾಕ ಮುಂದ ಕಳಸ್ತಾರಂತ ಮಾಮಾಗ ಒಂದು ಮಾತು ಕೇಳಬಾರದ? ಮನ್ಯಾಗೂ ಹಂಗ, ಆಟದಾಗೂ ಹಂಗ!" ಎಂದು ಹೆಂಡತಿ ಸಿಡುಕಿದಳು. ಅಕ್ಕನ ಗಂಡನನ್ನು ಅವಳು ಮಾಮಾ ಎಂದೇ ಕರೆಯುವುದು. ಆ ಹೊತ್ತಿಗೆ ನಾನು ಅವಳೇ ಹೇಳಿದಂತೆ ಎರಡನೆಯ ಸಲ ಕೊತ್ತಂಬರಿ ತರಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಮೊದಲು ತಂದದ್ದು ಬಾಡಿತ್ತಂತೆ.

ಸಿಟ್ಟಾದ ತಮ್ಮನನ್ನು ಸಮಾಧಾನಪಡಿಸಲು ಒಂದು ಶನಿವಾರ ಎಲ್ಲರೂ ಶಿರೂರಿಗೆ ಹೊರಟೆವು. ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಷಡ್ಡಕರ ಕಣ್ಣು ಹೊಳೆಯಿತು! ನಮ್ಮನ್ನು ಒಂದು ಕಂಬದ ಮರೆಗೆ ಒಟ್ಟುಗೂಡಿಸಿ ಪಿಸುಮಾತಿನಲ್ಲಿ ಹೇಳತೊಡಗಿದರು. "ಬಸ್ಸು ಬಂದ ಕೂಡ್ಲೆ ಅತ್ತಿಯವರು ನಡುವ ಬಾಗಲದಾಗ ನಿಲ್ಲೂದು. ಅವರು ಬೈಕೋತ ನಿಂತ್ರ ಮಂದಿ ಹತ್ತೂದು ನಿಲ್ತದ. ಅಕ್ಕ ತಂಗಿ ಇಬ್ರೂ ಅವರ ತೋಳಿನ ಕೆಳಗಿಂದ ಒಳಗ. ನೀವು" ಎಂದು ನನ್ನತ್ತ ತಿರುಗಿ, "ಹಿಂದಿನ ಖಿಡಕಿಯಿಂದ ಕರವಸ್ತ್ರ ಹಾಕಿ ಜಾಗಾ ಹಿಡೀರಿ. ನಾ ಕಡೀಕ ಬರ್ತೀನಿ."

ನಂಬುತ್ತೀರೋ ಇಲ್ಲವೋ, ಎಲ್ಲವೂ ಅವರು ಹೇಳಿದಂತೆಯೇ ನಡೆಯಿತು. ಅತ್ತೆಯವರು ಬಾಗಿಲಲ್ಲಿ ನಿಂತು ಮರಾಠಿಯಲ್ಲೂ ಕನ್ನಡದಲ್ಲೂ ಗುಂಡಿನ ಮಳೆ ಸುರಿಸಿದರು. ಹೆಂಗಸರು ನುಸುಳಿದರು. ನಾನು ಕಿಟಕಿಗೆ ಜೋತುಬಿದ್ದು ಕರವಸ್ತ್ರ ಎಸೆದೆ, ಜೊತೆಗೆ ಅಂಗಿಯ ಒಂದು ಗುಂಡಿಯೂ ಹೋಯಿತು. ಎಲ್ಲರಿಗೂ ಜಾಗ ಸಿಕ್ಕಿತು. ಬಸ್ಸು ಹೊರಟಿತು. ಹಿಂತಿರುಗಿ ನೋಡಿದರೆ ಸೇನಾಪತಿಗಳು ಕೆಳಗೇ ನಿಂತು, ಎಲ್ಲರೂ ಹತ್ತಿದ್ದಾರೆಯೇ ಎಂದು ಎಣಿಸುತ್ತಿದ್ದಾರೆ!

ಅವರು ಮುಂದಿನ ಬಸ್ಸಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ನಮ್ಮ ಊಟ ಮುಗಿದಿತ್ತು. ತಮ್ಮ ಇನ್ನೂ ಮುಖ ಬಿಗಿದುಕೊಂಡೇ ಇದ್ದ. ಷಡ್ಡಕರು ಕೈಕಾಲು ತೊಳೆಯದೆ ಅವನ ಎದುರು ಕೂತರು. "ಗುಂಡು ಇಲ್ಲದಿದ್ರ ಅತ್ತಿಯವರ ಮಷಿನ್ ಗನ್ ಏನು ಮಾಡ್ತದಪಾ? ಎಲ್ಲಾರ ಜೀವ ನಿನ್ನ ಕೈಯಾಗ ಅದ. ಅದಕ್ಕ ನಿನ್ನ ಹಿಂದ ಇಟ್ಟೀನಿ, ಜೋಪಾನವಾಗಿ." ತಮ್ಮ ಎದ್ದು ಹೋಗಿ ಅವರಿಗೆ ತಾನೇ ಬಡಿಸಿದ.

ಅಂದರೆ ಬಳಗದಲ್ಲಿ ಜೋಪಾನವಿಲ್ಲದವನು ನಾನೊಬ್ಬನೇ ಎಂದಾಯಿತಲ್ಲ! ಇದನ್ನು ಕೇಳಿಯೇ ಬಿಡಬೇಕೆಂದು ಒಂದು ರವಿವಾರ ಮಧ್ಯಾಹ್ನ ನನ್ನ ಸಾವನ್ನು ಕಣ್ಣಾರೆ ನೋಡಲು ಅವರ ಮನೆಗೆ ಹೋದೆ. ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿದರು. ಯುದ್ಧ ಶುರುವಾಯಿತು. ಅದನ್ನು ಯುದ್ಧವೆನ್ನಬೇಕೋ ವೃದ್ಧರ ವಾಯುವಿಹಾರವೆನ್ನಬೇಕೋ ತಿಳಿಯಲಿಲ್ಲ. ಸಿಪಾಯಿಗಳು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಓಡುವುದು, ಯಾರದಾದರೂ ಗೆರೆ ಕೆಂಪಾಗತೊಡಗಿದ ಕೂಡಲೇ ಎಲ್ಲರೂ ಮಲಗಿ ಸುಧಾರಿಸಿಕೊಳ್ಳುವುದು. ಅತ್ತೆಯವರಿಗಂತೂ ಒಂದು ಮರದ ನೆರಳೇ ಸಿಕ್ಕಿತ್ತು. ವೈರಿಗಳು ಆರಾಮವಾಗಿ ಬಂದು ಸೇತುವೆ ಹಿಡಿದುಕೊಂಡರು. ಹೊತ್ತು ಮುಗಿಯಿತು, ನೀವು ಸೋತಿರಿ ಎಂಬ ಬರಹ ಬಂತು.

"ಸೋತ್ರಲ್ರಿ!"

"ದಿನಾ ಸೋಲ್ತೀನಿ. ಇವತ್ತಿನ ತನಕ ಒಂದೂ ಗೆದ್ದಿಲ್ರಿ. ಆದ್ರ ಮಂದಿ ಉಳೀತು ನೋಡ್ರಿ."

ಮಂದಿ ಉಳಿದಿತ್ತು, ನಿಜ. ಸೇತುವೆಯ ಈಚೆ ನಾನೊಬ್ಬ ಮಾತ್ರ ಅಂಗಾತ ಬಿದ್ದಿದ್ದೆ.

"ಹಂಗಾದ್ರ ನಾನೊಬ್ಬನ ಯಾಕ ಸಾಯ್ತೀನ್ರಿ ಅಣ್ಣಾರ?"

ಷಡ್ಡಕರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬಹಳ ಸಂಕೋಚ ಅವರಿಗೆ. "ಏನ್ ಹೇಳ್ಲಿರಿ? ಉಳಿದವ್ರು ಗುಂಡಿನ ಸಪ್ಪಳ ಕೇಳಿದ ಕೂಡ್ಲೆ ಮುಖ ಮುಚ್ಚಿ ಮಲಗಿಬಿಡ್ತಾರ. ನೀವೊಬ್ರ ಹೇಳಿದಲ್ಲೆ ಹೋಗ್ತೀರಿ. ಗೆರಿ ಕೆಂಪಾದ್ರೂ ಹೋಗ್ತೀರಿ. ಅದಕ್ಕ ಏನರೆ ಬೇಕಾದಾಗ ಕೈ ತಾನ ನಿಮ್ಮ ಮ್ಯಾಲೆ ಹೋಗ್ತದ್ರಿ."

ಜಗಳವಾಡಲು ಹೋದವನು ಚಹಾ ಕುಡಿದು ಸುಮ್ಮನೆ ಬಂದೆ. ಏನೆಂದು ಜಗಳವಾಡಲಿ? ಅವರದೊಂದೇ ಕೈಯೆ? ಸಾಹೇಬರ ಕೈ, ಮನೆಯವರ ಕೈ, ಕಟ್ಟಡದ ಗಣೇಶೋತ್ಸವದ ಮಂಡಳಿಯ ಕೈ, ಎಲ್ಲವೂ ನನ್ನ ಮೇಲೇ ಬರುತ್ತಿದ್ದವು. ನನ್ನ ಹಣೆಯಲ್ಲೇ ಹಾಗೆ ಬರೆದಿದೆಯೋ ಏನೋ!

ಕೆಲವು ವರ್ಷ ಕಳೆದವು. ನಮ್ಮ ಆಫೀಸು ಊರ ಹೊರಗಿನ ಖರಾಡಿಗೆ ಹೋಯಿತು. ಎರಡು ಬಸ್ಸು ಬದಲಿಸಿ ಹೋಗುವುದು, ಎರಡು ಬದಲಿಸಿ ಬರುವುದು. ಆ ಬೇಸಿಗೆಯಲ್ಲಿ ನಮ್ಮ ಅವ್ವ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಆಪರೇಶನ್ ಆಯಿತು, ಆದರೆ ಮಗ್ಗುಲು ಬದಲಿಸಲೂ ಒಬ್ಬರು ಬೇಕು. ಹಗಲೆಲ್ಲ ಹೆಂಡತಿ, ರಾತ್ರಿಯೆಲ್ಲ ನಾನು. ಅವ್ವನಿಗೆ ನೋವು, ನೋವಿಗೆ ಸಿಟ್ಟು, ಸಿಟ್ಟಿಗೆ ಊಟ ಬೇಡ. ಬಸ್ಸಿನಲ್ಲಿ ಕಂಬ ಹಿಡಿದು ನಿಂತಲ್ಲೇ ನಿದ್ದೆ ಹೋಗುವುದನ್ನು ಕಲಿತೆ. ಕನ್ನಡಿಯಲ್ಲಿ ನನ್ನ ಮುಖ ನೋಡಿದರೆ, ಇವರನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಮನೆಗೆ ಫೋನ್ ಬಂದಿತ್ತು. ಒಂದು ಸಂಜೆ ಅವ್ವನಿಗೆ ಗಂಜಿ ಕುಡಿಸುತ್ತಿದ್ದಾಗ ಅದು ರಿಂಗಾಯಿತು. ಅತ್ತ ಕಡೆ ಷಡ್ಡಕರು. "ರೀ, ಇವತ್ತು ಭಾಳ ಕೆಟ್ಟ ಆತ್ರಿ. ನೀವು..."

"ಸಾಕು ಮಾಡ್ರಿ ಅಣ್ಣಾರ!" ಎಂದೆ. ನನ್ನ ದನಿ ನನಗೇ ಪರಕೀಯವೆನಿಸಿತು. "ನನಗ ಈಗ ಸಾಯಾಕೂ ಪುರಸೊತ್ತಿಲ್ರಿ."

ಆ ಕಡೆ ಫೋನ್ ಇಟ್ಟ ಸದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿರುವಾಗ ಬಾಗಿಲಲ್ಲಿ ಷಡ್ಡಕರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಅಕ್ಕ ಕೊಟ್ಟ ರೊಟ್ಟಿಯ ಗಂಟು. ಊರಿಗೆ ಹೊರಟವರಂತೆ ಕಾಣುತ್ತಿದ್ದರು.

"ಎಲ್ಲಿಗ್ರಿ ಮುಂಜಾನೆದ್ದು?"

"ಇಲ್ಲಿಗೇ ರಿ. ಒಂದು ವಾರ ಸುಟ್ಟಿ ಹಾಕೀನಿ" ಎಂದು ಒಳಗೆ ಬಂದು ಚಪ್ಪಲಿ ಬಿಟ್ಟರು. ಅಡಿಗೆಮನೆಯತ್ತ ತಿರುಗಿ ನನ್ನ ಹೆಂಡತಿಗೆ, "ಹೋಗವ್ವಾ, ನಿಮ್ಮಕ್ಕ ಕಾಯಾಕ ಹತ್ಯಾಳ. ಅಲ್ಲೆ ಊಟ ಮಾಡಿ ಸಂಜಿತನಕ ಮಲಕ್ಕೊಂಡು ಬಾ" ಎಂದರು. ಆಮೇಲೆ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನಾನು ಆಗಲೇ ಕಟ್ಟಿದ್ದ ಬೂಟಿನ ದಾರವನ್ನು ಬಿಚ್ಚತೊಡಗಿದರು.

"ಏನ್ ಮಾಡಾಕತ್ತೀರಿ ಅಣ್ಣಾರ! ಬಿಡ್ರಿ! ಆಫೀಸು..."

"ಆಫೀಸು ಎಲ್ಲೂ ಓಡಿ ಹೋಗೂದಿಲ್ಲ. ನೀವು ಒಳಗ ಹೋಗಿ ಮಲಕ್ಕೋರಿ."

ನನಗಿಂತ ಹಿರಿಯರು, ನನ್ನ ಕಾಲ ಬಳಿ ಕೂತಿದ್ದರು. ಒಳಗಿನ ಕೋಣೆಗೆ ಹೋಗಿ ಒರಗಿದ್ದಷ್ಟೇ ನೆನಪು.

ಎಚ್ಚರವಾದಾಗ ಕಿಟಕಿಯ ಬಿಸಿಲು ಹಳದಿಯಾಗಿತ್ತು. ಪಡಸಾಲೆಯಿಂದ ಅವ್ವನ ದನಿ ಕೇಳಿಸುತ್ತಿತ್ತು. ನೋವಿನ ದನಿಯಲ್ಲ, ಮಾತಾಡುವ ದನಿ. ಎದ್ದು ಬಾಗಿಲ ಸಂದಿಯಿಂದ ನೋಡಿದೆ. ಅವ್ವನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಷಡ್ಡಕರು ಅವಳ ಬೆನ್ನ ಹಿಂದೆ ಮಂಚದ ಮೇಲೆ ಕೂತು, ಎಷ್ಟೋ ದಿನದಿಂದ ಗಂಟುಗಟ್ಟಿದ್ದ ಬಿಳಿಗೂದಲಿಗೆ ಎಣ್ಣೆ ಹಚ್ಚಿ, ಬಾಚಿ, ಹೆರಳು ಹಾಕುತ್ತಿದ್ದರು. ಬಾಯಲ್ಲಿ ಕಪ್ಪು ದಾರ ಕಚ್ಚಿಕೊಂಡಿದ್ದರು.

"ಗಂಡಸಾಗಿ ಇದೆಲ್ಲಿ ಕಲತೀಯೋ?" ಎಂದಳು ಅವ್ವ.

"ಮಗಳು ಸಾಲಿಗೆ ಹೋಗೂವಾಗ ದಿನಾ ನಾನ ಹಾಕ್ತಿದ್ದೆನ್ರಿ ಅವ್ವಾರ. ಜಗ್ಗತದೇನು?"

"ಇಲ್ಲ. ಹಗೂರ ಅದ ನಿನ್ನ ಕೈ" ಎಂದಳು ಅವ್ವ, ಕಣ್ಣು ಮುಚ್ಚಿಕೊಂಡು. "ಅವಾ ಎದ್ದನೇನು ನೋಡು. ಚಹಾ ಮಾಡ್ತಾನ."

"ಮಲಗ್ಲಿ ಬಿಡ್ರಿ" ಎಂದರು ಷಡ್ಡಕರು. "ಚಹಾ ನಾ ಮಾಡ್ತೀನಿ."

ನಾನು ಸದ್ದಾಗದಂತೆ ಹಿಂದಕ್ಕೆ ಹೋಗಿ ಮತ್ತೆ ಹೊದ್ದುಕೊಂಡು ಮಲಗಿದೆ.