ಗುರುಂಗ್ ಬೆಟ್ಟ ಹತ್ತಲು ಹೋದದ್ದು

ಅಗಸರ ಕೆಂಚಪ್ಪ ಶುಕ್ರವಾರ ಬಟ್ಟೆ ತಂದುಕೊಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ತರಲಿಲ್ಲ. ಹಾಗಾಗಿ ಶನಿವಾರ ಬೆಳಗ್ಗೆ ಖಗೇಂದ್ರ ಗುರುಂಗನಿಗೆ ಉಳಿದದ್ದು ಒಂದೇ ಅಂಗಿ. ಅದು ಖಾಕಿ.

ನೇಪಾಳದಿಂದ ಚಿತ್ರದುರ್ಗಕ್ಕೆ ಫಾರ್ಮಸಿ ಓದಲು ಬಂದು ಅವನಿಗೆ ಎರಡು ವರ್ಷವಾಗಿತ್ತು. ಅವನ ಊರಲ್ಲಿ ಗುಡ್ಡಕ್ಕೊಂದು ಗುಡಿ. "ಬೆಟ್ಟದ ಮೇಲಿನ ಶಿವನಿಗೆ ದೀಪ ಹಚ್ಚಿ ಆಮೇಲೆ ಪರೀಕ್ಷೆಗೆ ಕೂರು" ಅಂತ ತಾಯಿ ಕಾಗದ ಬರೆದಿದ್ದಳು. ಸೋಮವಾರ ಪರೀಕ್ಷೆ. ಶನಿವಾರ ರಾಮಗಿರಿ ಬೆಟ್ಟ, ಭಾನುವಾರ ಹೊಸದುರ್ಗದ ಕಡೆ ಇನ್ನೊಂದು ಅಂದುಕೊಂಡು ಹೊರಟ.

ಹೊಳಲ್ಕೆರೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಬೋರಕ್ಕ ಎಂಬ ಮುದುಕಿ ಶೇಂಗಾ ಮೂಟೆಯನ್ನು ಅವನ ಕಾಲ ಮೇಲೆ ತಳ್ಳಿದಳು.

"ಲೇ ಗೂರ್ಖಾ, ಇದನ್ ನೋಡ್ಕಣಪ್ಪ. ಒಂದ್ ಗಳಿಗೆ ಕಣ್ ಮುಚ್ತೀನಿ."

"ನಾನು ಗೂರ್ಖಾ ಅಲ್ಲ ಅಮ್ಮ. ನಾನು ವಿದ್ಯಾರ್ಥಿ."

ಬೋರಕ್ಕ ಹಿಂದಿನ ಸೀಟಿನವರ ಕಡೆ ತಿರುಗಿದಳು. "ಕೇಳ್ರೇ, ಗೂರ್ಖಾ ಎಷ್ಟ್ ಚಂದ ಕನ್ನಡ ಮಾತಾಡ್ತಾನೆ! ನಮ್ ಹುಡುಗ್ರಿಗೇ ಬರಲ್ಲ."

ಹೊಳಲ್ಕೆರೆಯಲ್ಲಿ ಆ ಮೂಟೆ ಹೊತ್ತು ಅವಳ ಮುಂದಿನ ಬಸ್ಸಿಗೆ ಹಾಕುವಷ್ಟರಲ್ಲಿ ರಾಮಗಿರಿ ಬಸ್ಸು ಹೋಗಿತ್ತು. ಇನ್ನೊಂದು ಬಂದದ್ದು ಒಂದೂವರೆಗೆ. ಗುರುಂಗನ ಮೂಗಿನ ಹೊಳ್ಳೆ ಕಮ್ಮಾರನ ತಿದಿಯಂತೆ ಆಡತೊಡಗಿತ್ತು.

ಬೆಟ್ಟದ ಬುಡದಲ್ಲಿ ಬೂಟಿನ ದಾರ ಬಿಗಿಯಲು ಮೊದಲ ಮೆಟ್ಟಿಲ ಮೇಲೆ ಕೂತ. ತಲೆ ಎತ್ತುತ್ತಾನೆ, ಎದುರಿಗೆ ಹನ್ನೊಂದು ಜೊತೆ ಚಪ್ಪಲಿ!

"ಸಾಲಾಗಿ ಇಟ್ಕಳಪ್ಪ," ಎಂದರು ಗಂಗಾಧರಪ್ಪ ಎಂಬ ಹಿರಿಯರು. ಇಡೀ ಸಂಸಾರವನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದರು.

"ನಾನು ಕಾವಲುಗಾರ ಅಲ್ಲ!" ಗುರುಂಗ್ ಕಾಲೇಜಿನ ಕಾರ್ಡು ತೆಗೆದು ಅವರ ಮೂಗಿಗೇ ಹಿಡಿದ.

ಗಂಗಾಧರಪ್ಪ ಕನ್ನಡಕ ಏರಿಸಿ ಓದಿದರು. "ಗು... ರುಂಗ್. ಛೇ, ಗೂರ್ಖಾ ಅನ್ನೋದ್ನೇ ತಪ್ಪು ಬರ್ದವ್ರೆ. ಸರಿ ಮಾಡಿಸ್ಕಳಪ್ಪ."

ಅಷ್ಟರಲ್ಲಿ ನಾಯಿಯೊಂದು ಅವರ ಹೆಂಡತಿ ಮರುಳಸಿದ್ದಮ್ಮನ ಹೊಸ ಚಪ್ಪಲಿಯ ಒಂದು ಕಾಲು ಕಚ್ಚಿಕೊಂಡು ಓಡಿತು.

"ಅಯ್ಯಯ್ಯೋ! ಕಾಯಾಕ್ ಕುಂತೋನು ಏನ್ ನೋಡ್ತಿದ್ಯೋ?"

"ನಾನು ಕಾಯಕ್ಕೆ ಕೂತಿಲ್ಲ!"

"ಕುಂತೇ ಇದ್ಯಲ್ಲಪ್ಪ," ಎಂದರು ಗಂಗಾಧರಪ್ಪ. ಮಿಕ್ಕ ಹತ್ತು ಮಂದಿಯೂ ಹೌದೆಂದರು.

ಚಪ್ಪಲಿ ಸಿಗದೆ ಅವರು ಅವನನ್ನು ಬಿಡುವ ಹಾಗಿರಲಿಲ್ಲ. ಮುಳ್ಳುಕಂಟಿಗಳಲ್ಲಿ ತಡಕಾಡಿ, ಅಂಗಿ ಹರಿದುಕೊಂಡು, ಅರ್ಧ ಅಗಿದ ಚಪ್ಪಲಿಯನ್ನು ಅವನು ತಂದು ಬಿಸಾಕಿದಾಗ ನಾಲ್ಕೂವರೆ. ಆ ಮೆಟ್ಟಿಲುಗಳ ಮುಖವೇ ಬೇಡವೆಂದು, ಹಲ್ಲು ಕಡಿಯುತ್ತ ಬೆಟ್ಟದ ಹಿಂದಿನ ಕಾಲುದಾರಿ ಹುಡುಕಿ ಹೊರಟ.

ದಾರಿ ಶುರುವಾಗುವಲ್ಲಿ ಯಾರೋ ಛತ್ರ ಕಟ್ಟಿಸುತ್ತಿದ್ದರು. ಸಿಮೆಂಟು ಚೀಲಗಳ ಪಕ್ಕ ಹಗ್ಗದ ಮಂಚ. ಅದರ ಮೇಲಿದ್ದ ಕಾವಲುಗಾರ ಇವನನ್ನು ಕಂಡದ್ದೇ ಎದ್ದು ನಿಂತು ನೇಪಾಳಿಯಲ್ಲಿ ಕೇಳಿದ: "ತಮ್ಮಾ, ಕಾಲೇಜಲ್ಲಿ ಓದೋ ಹುಡುಗ ಅಲ್ವಾ ನೀನು?"

ಗುರುಂಗ್ ಮಂಚದ ತುದಿಗೆ ಕೂತುಬಿಟ್ಟ. ಬೆಳಗ್ಗಿನಿಂದ ಒಬ್ಬರಾದರೂ ಕೇಳಿದರಲ್ಲ! ಮೂಟೆ, ಚಪ್ಪಲಿ, ನಾಯಿ ಎಲ್ಲವನ್ನೂ ಹೇಳಿಕೊಂಡ. ಕಾವಲುಗಾರ ಬಹಾದ್ದೂರ್ ತಲೆದೂಗುತ್ತ ಕೇಳಿದ. "ಈ ಜನಕ್ಕೆ ಕಣ್ಣಿಲ್ಲ ತಮ್ಮಾ. ಓದಿದವನ ಮುಖ ಬೇರೆ, ನಮ್ಮ ಮುಖ ಬೇರೆ."

ಗುರುಂಗನ ಸಿಟ್ಟು ಅರ್ಧ ಇಳಿಯಿತು.

"ಚಹಾ ಕುಡಿದೇ ಹತ್ತಬೇಕು. ಎರಡೇ ನಿಮಿಷ, ಹಾಲು ತರ್ತೀನಿ. ಇದನ್ನ ಹಿಡ್ಕೊಂಡಿರು," ಎಂದು ದೊಣ್ಣೆಯನ್ನು ಅವನ ಕೈಗಿತ್ತು ಬಹಾದ್ದೂರ್ ಗೋಡೆಯ ಮರೆಗೆ ಹೋದ.

ಎರಡು ನಿಮಿಷ ಇಪ್ಪತ್ತಾಯಿತು, ನಲವತ್ತಾಯಿತು. ರಸ್ತೆಯಲ್ಲಿ ಹೊಳಲ್ಕೆರೆ ಕಡೆಯ ಬಸ್ಸು ಹೊರಟಿತು. ಅದರ ಕಿಟಕಿಯಲ್ಲಿ ಬಹಾದ್ದೂರ್! ತೊಡೆಯ ಮೇಲೆ ಟ್ರಂಕು. ಕೈ ಮುಗಿಯುತ್ತಿದ್ದ.

ಗುರುಂಗ್ ಕೂಗುತ್ತ ರಸ್ತೆಯವರೆಗೆ ಓಡಿದ. ಅಷ್ಟರಲ್ಲಿ ಸ್ಕೂಟರೊಂದು ಅವನೆದುರು ನಿಂತಿತು. ಛತ್ರ ಕಟ್ಟಿಸುತ್ತಿದ್ದ ಪಂಚಾಕ್ಷರಪ್ಪ.

"ಹೋದ್ನಾ? ಮೂರ್ ವರ್ಷದಿಂದ ಊರಿಗೆ ಹೋಗ್ತೀನಿ ಅಂತ ಜೀವ ತಿಂತಿದ್ದ. ಬದಲಿಗೆ ಒಬ್ಬನ್ನ ನಿಲ್ಸಿ ಹೋಗು ಅಂದಿದ್ದೆ. ಪರ್ವಾಗಿಲ್ಲ, ಗಟ್ಟಿ ಆಳನ್ನೇ ನಿಲ್ಸವ್ನೆ."

"ನಾನು ಗೂರ್ಖಾ ಅಲ್ಲ!" ಗುರುಂಗ್ ದೊಣ್ಣೆ ನೆಲಕ್ಕೆ ಕುಟ್ಟಿ ಅರಚಿದ. "ಫಾರ್ಮಸಿ ಓದೋನು! ನಾಲ್ಕನೇ ಸೆಮಿಸ್ಟರು! ನಿಮ್ಮ ಛತ್ರ, ನಿಮ್ಮ ಸಿಮೆಂಟು, ನಿಮ್ಮ ಚಪ್ಪಲಿ, ಎಲ್ಲಾ ಹಾಳಾಗಿ ಹೋಗಲಿ!" ಬಂಡೆಗಳು ಆ ಮಾತನ್ನು ಇನ್ನೊಮ್ಮೆ ಹೇಳಿದವು. ಬೇಲಿ ಬದಿಯ ಹಂದಿಗಳು ದಿಕ್ಕಾಪಾಲಾಗಿ ಓಡಿದವು.

ಪಂಚಾಕ್ಷರಪ್ಪನ ಮುಖ ಅರಳಿತು. "ಭಲೇ! ಅವ್ನು ಬರೀ ಕೆಮ್ಮುತಿದ್ದ. ಹಿಂಗ್ ಕೂಗ್ಬೇಕು ನೋಡು. ತಾಸಿಗೊಂದ್ಸಲ ಕೂಗು, ಸಾಕು."

"ನಾನು ಈಗಲೇ ದುರ್ಗಕ್ಕೆ ಹೋಗ್ತೀನಿ."

"ಎದ್ರಾಗೆ? ಈಗ ಹೋತಲ್ಲ, ಅದೇ ಕಡೇ ಬಸ್ಸು," ಎಂದು ಪಂಚಾಕ್ಷರಪ್ಪ ಸ್ಕೂಟರಿಗೆ ಕಿಕ್ಕು ಹೊಡೆದರು. "ಮಂಚದ್ ಕೆಳಗೆ ಕಂಬಳಿ ಐತೆ. ಹೊದ್ಕ."