ಶಾಕೀರನ ಸಮುದ್ರ

ಬೆಳಗಾವಿಯಿಂದ ಬಸ್ಸು ಬಿಟ್ಟಿತೋ ಇಲ್ಲವೋ ಎಂದು ಎಸ್‌ಟಿಡಿ ಬೂತಿನೊಳಗೆ ನಿಂತು ಶಾಕೀರ ಫೋನಿನಲ್ಲಿ ಕೇಳುತ್ತಿದ್ದ ಹೊತ್ತಿಗೆ, ಆ ಬಸ್ಸು ಅವನ ಬೆನ್ನ ಹಿಂದೆಯೇ ಬೈಲಹೊಂಗಲ ನಿಲ್ದಾಣಕ್ಕೆ ಬಂದು, ಎರಡು ನಿಮಿಷ ನಿಂತು, ಹೊರಟುಹೋಯಿತು.

"ಬಿಟ್ಟು ತಾಸಿನ ಮ್ಯಾಲಾತಲ್ಲೋ. ಈಗ ನಿಮ್ಮೂರಾಗ ಇರಬೇಕು," ಎಂದ ಬೆಳಗಾವಿಯ ಗೆಳೆಯ.

ಶಾಕೀರ ತಿರುಗಿ ನೋಡಿದ. ಗಾಜಿನಾಚೆ ಬಸ್ಸಿನ ಹಿಂಭಾಗ ಕಂಡಿತು, ಆಮೇಲೆ ಬರೀ ಹೊಗೆ. ಆ ಬಸ್ಸಿನಲ್ಲಿ ಕಂಡಕ್ಟರನ ಸೀಟಿನ ಕೆಳಗೆ ಒಂದು ಥರ್ಮೋಕೋಲ್ ಡಬ್ಬಿ ಇತ್ತು. ಡಬ್ಬಿಯೊಳಗೆ ಮುಂಬಯಿಯಿಂದ ರಾತ್ರಿಯಿಡೀ ಪಯಣಿಸಿ ಬಂದ ಎರಡು ಮೀನುಗಳಿದ್ದವು. ಕತ್ತಲಾಗುವುದರೊಳಗೆ ಅವನ್ನು ನೀರಿಗೆ ಬಿಡದಿದ್ದರೆ ಮುಗಿಯಿತು.

ಶಾಕೀರ ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಹಿಂದೊಮ್ಮೆ ಗೋವಾದ ಹೋಟೆಲೊಂದಕ್ಕೆ ಯಂತ್ರ ರಿಪೇರಿಗೆಂದು ಹೋದವನು ಅಲ್ಲಿ ಗಾಜಿನ ತೊಟ್ಟಿಯೊಳಗೆ ಸಮುದ್ರವನ್ನೇ ಕಂಡು, ಯಂತ್ರ ಬಿಟ್ಟು ಅದರ ಮುಂದೆಯೇ ಕುಳಿತುಬಿಟ್ಟಿದ್ದ. ಊರಿಗೆ ಬಂದು ತಾನೂ ಒಂದು ಕಟ್ಟಿದ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದು ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋಗಿ, ಗಾಳಿ ಊದುವ ಪಂಪು ನಿಂತು, ಮೀನೆಲ್ಲ ಸತ್ತವು. ಶಾಕೀರ ಮೂರು ದಿನ ಊಟ ಬಿಟ್ಟ. ಓಣಿಯವರು ಸರದಿಯ ಮೇಲೆ ಬಂದು ಅವನಿಗೆ ತುತ್ತು ಮಾಡಿ ಉಣಿಸಿದರು. ಮುಂದೆ ಮೂರು ವರ್ಷ ಅವನ ಹೆಂಡತಿ ಹಿನಾಕೌಸರ ಆ ತೊಟ್ಟಿಯಲ್ಲಿ ಉಳ್ಳಾಗಡ್ಡಿ ಇಟ್ಟಳು.

ತೊಂಬತ್ತೊಂಬತ್ತನೇ ಇಸವಿ ಹುಟ್ಟಿದ್ದೇ ತಡ, ಅವನ ಎದೆಯಲ್ಲಿ ಮತ್ತೆ ಅಲೆ ಎದ್ದಿತು. ಉಳ್ಳಾಗಡ್ಡಿ ಕೆಳಗಿಳಿದವು. ಕಾರವಾರದ ಲಾರಿಯಲ್ಲಿ ಕ್ಯಾನುಗಟ್ಟಲೆ ಸಮುದ್ರದ ನೀರೂ ದಂಡೆಯ ತೂತು ತೂತಿನ ಕಲ್ಲುಗಳೂ ಬಂದವು. ಈ ಸಲ ಅವಸರ ಮಾಡಲಿಲ್ಲ; ನಲವತ್ತು ದಿನ ನೀರನ್ನು ಹದಕ್ಕೆ ಬಿಟ್ಟ. ಕಲ್ಲುಗಳ ಮೇಲೆ ನೇರಳೆ ಬಣ್ಣದ ಪೊರೆ ಹಬ್ಬಿತು. ತೂತುಗಳಿಂದ ಕೂದಲೆಳೆಯಂಥ ಹುಳುಗಳು ಹೂವಿನ ಹಾಗೆ ಅರಳಿ, ನೆರಳು ಬಿದ್ದರೆ ಸಾಕು, ಹೊಸ ಸೊಸೆಯಂತೆ ಒಳಗೆ ಸೇರುತ್ತಿದ್ದವು. ಇನ್ನು ಬೇಕಾದದ್ದು ಮೈಮೇಲೆ ಕೇಸರಿ-ಬಿಳಿ ಪಟ್ಟಿಯ ಕೋಡಂಗಿ ಮೀನಿನ ಒಂದು ಜೋಡಿ.

ಇದು ಸಮುದ್ರದ ನೀರೆಂದು ಮಾತ್ರ ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹಿಂದಿನ ಸಲ ಹೇಳಿದ್ದಕ್ಕೆ ಮೊಣಕಾಲು ನೋವಿಗೊಬ್ಬರು, ಹಿಮ್ಮಡಿ ಒಡಕಿಗೊಬ್ಬರು ಎಂದು ಬಾಟಲಿ ಹಿಡಿದು ಬಂದು ಎರಡು ಕ್ಯಾನು ಖಾಲಿ ಮಾಡಿದ್ದರು. ಈ ಸಲ ಯಾರಾದರೂ ಕೇಳಿದರೆ "ಸ್ಪೇಶಲ್ ನೀರು" ಎಂದಷ್ಟೇ ಹೇಳುತ್ತಿದ್ದ.

ಹಿನಾ ತಂಗಿಯ ಬಾಣಂತನಕ್ಕೆಂದು ದೊಡವಾಡಕ್ಕೆ ಹೋಗಿದ್ದಳು. ಶಾಕೀರ ಬೂತಿನಿಂದ ಮನೆಗೆ ಓಡಿ, ಪಕ್ಕದ ಮನೆಯ ರಾಚವ್ವನ ಕೈಗೆ ಕೀಲಿ ಕೊಟ್ಟ.

"ಆಯೀ, ಕರೆಂಟ್ ಹೋದ್ರ ಪಂಪಿನ ವಾಯರ್ ಬ್ಯಾಟರಿಗೆ ಹಚ್ಚಾಕ ವೀರಪ್ಪ ಮಾಸ್ತರಗ ಹೇಳ್ರಿ. ನಾ ಮೀನ ತಗೊಂಡು ಬರತೇನಿ."

"ನೀ ಹೋಗಪಾ, ನಾವು ಅದೇವಿ," ಎಂದಳು ರಾಚವ್ವ. "ಹಿಂದಿನ ಸಲದ್ಹಂಗ ಆಗಾಕ ಬಿಡೂದಿಲ್ಲ."

ಯರಗಟ್ಟಿಯವರೆಗೆ ಅವನು ಟಂಟಂ ರಿಕ್ಷಾದಲ್ಲಿ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ, ಉಳಿದರ್ಧ ಗಾಳಿಯಲ್ಲಿ ಕುಳಿತು ಹೋದ. ಅಲ್ಲಿ ಬಸ್ಸು ಹೋಗಿ ಕಾಲು ಗಂಟೆಯಾಗಿತ್ತು. ಜೋಳದ ಚೀಲ ಹೊತ್ತ ಟೆಂಪೊ ಹತ್ತಿ, ಆ ಬಸ್ಸಿನ ಕೊನೆಯ ನಿಲ್ದಾಣ ರಾಮದುರ್ಗ ಮುಟ್ಟುವಾಗ ಅವನು ತಲೆ, ಹುಬ್ಬು, ಮೀಸೆಗೆಲ್ಲ ಧೂಳು ಕೂತು ಬೂದುಗುಂಬಳಕಾಯಿಯಂತೆ ಕಾಣುತ್ತಿದ್ದ.

ಡಬ್ಬಿ ಬಸ್ ನಿಲ್ದಾಣದ ಕಂಟ್ರೋಲರನ ಟೇಬಲ್ಲಿನ ಮೇಲಿತ್ತು. ಕಂಟ್ರೋಲರು ಮಾತ್ರ ಬಾಗಿಲ ಹೊರಗೆ ನಿಂತಿದ್ದ. ಅವನ ಜತೆ ಹತ್ತಾರು ಮಂದಿ.

"ಒಳಗ ಏನೋ ಗುಳುಗುಳು ಅಂತೈತಿ," ಎಂದ ಕಂಡಕ್ಟರ್ ಪರಸಪ್ಪ. "ಯಾರದ್ರಿ ಇದು?"

"ನಂದ್ರಿ. ಮೀನ ಅದಾವು."

"ಎಷ್ಟು?" ಎಂದು ಕಂಟ್ರೋಲರು ಕೇಳಿದ.

"ಎರಡು."

"ಎರಡು ಕಿಲೋನ?"

"ಅಲ್ರಿ, ಎರಡು ಮೀನ."

ಕಂಟ್ರೋಲರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಎರಡು ಮೀನ ತಿನ್ನಾಕ ಬೈಲಹೊಂಗಲದಿಂದ ಇಲ್ಲೀತನಕಾ ಬಂದ್ಯಾ?"

"ತಿನ್ನಾಕಲ್ರಿ, ಸಾಕಾಕ."

ತಿನ್ನಲಿಕ್ಕೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಾಕಲಿಕ್ಕೆ ಎಂದದ್ದರಿಂದ ಎಲ್ಲರ ಸಂಶಯ ಇಮ್ಮಡಿಯಾಯಿತು. ಡಬ್ಬಿ ತೆಗೆದು ತೋರಿಸು ಎಂದರು. ಕತ್ತಲೆಯಲ್ಲಿದ್ದ ಮೀನಿಗೆ ಒಮ್ಮೆಲೇ ಬೆಳಕು ಬಿದ್ದರೆ ಎದೆಯೊಡೆದು ಸಾಯುತ್ತದೆ ಎಂದು ಶಾಕೀರ ಕೈಮುಗಿದ. ಕೊನೆಗೆ ಪರಸಪ್ಪನಿಗೇ ಕರುಣೆ ಬಂತು. "ಬಿಡ್ರಿ ಸಾಹೇಬ್ರ. ಅವನ ಮಾರಿ ನೋಡ್ರಿ, ಹಡಿಯಾಕ ಹೋದ ಹೆಂಡ್ತೀನ್ನ ಕಾಯೋ ಗಂಡನ ಮಾರಿ ಇದ್ಹಂಗ ಐತಿ," ಎಂದ. ಆ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ.

ಮರಳುವಾಗ ಬಸ್ಸು ದಾರಿಯಲ್ಲಿ ಪಂಕ್ಚರಾಯಿತು. ಬೇರೆ ಚಕ್ರ ಹಾಕುವವರೆಗೆ ಶಾಕೀರ ಬಿಸಿಲಿಗೆ ಬೆನ್ನು ಕೊಟ್ಟು, ಡಬ್ಬಿಗೆ ತನ್ನ ನೆರಳು ಹಿಡಿದು ರಸ್ತೆ ಬದಿಗೆ ನಿಂತಿದ್ದ. ನಡುನಡುವೆ ಡಬ್ಬಿಗೆ ಕಿವಿ ಹಚ್ಚುತ್ತಿದ್ದ. ಒಳಗೆ ಬಾಲ ಬಡಿದ ಸದ್ದು ಕೇಳಿದಾಗಲೆಲ್ಲ ಅವನಿಗೂ ಉಸಿರು ಬರುತ್ತಿತ್ತು.

ಐದೂವರೆಗೆ ಓಣಿ ಹೊಕ್ಕಾಗ ಅವನ ಮನೆಯ ಮುಂದೆ ಜನ ನೆರೆದಿದ್ದರು. ಬಾಗಿಲಿನಿಂದ ಬೀದಿಯವರೆಗೆ ನೆಲವೆಲ್ಲ ಒದ್ದೆ. ವೀರಪ್ಪ ಮಾಸ್ತರರ ಧೋತರ ಮೊಣಕಾಲಿನ ಮೇಲಿತ್ತು. ಮೂವತ್ತು ವರ್ಷ ಸಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರ ಮುಖದಲ್ಲಿ ಪ್ರಯೋಗ ಗೆದ್ದ ಕಳೆಯಿತ್ತು.

"ಬಾ ತಮ್ಮಾ," ಎಂದರು. "ನಿನ್ನ ಮೀನ ಹಿಂದಕ ಯಾಕ ಸತ್ವು ಅನ್ನೂದು ಇವತ್ತ ತಿಳೀತು."

ಶಾಕೀರ ಒದ್ದೆ ನೆಲದ ಮೇಲೆ ಕಾಲಿಡುತ್ತ ಬಾಗಿಲಿಗೆ ಬಂದ.

"ಹನ್ನೊಂದಕ್ಕ ಕರೆಂಟ್ ಹೋತು. ವಾಯರ್ ಹಚ್ಚಿದೆ. ಹಚ್ಚುವಾಗ ಒಂದ್ ಹನಿ ತುಟಿಗೆ ಸಿಡೀತು. ನೋಡಿದ್ರ ಉಪ್ಪು. ಸಾದಾ ಉಪ್ಪಲ್ಲ, ನಾಲಿಗಿ ಸುಡೂವಂಥಾ ಉಪ್ಪು. ನಿನಗ ಯಾವನೋ ಮೋಸ ಮಾಡ್ಯಾನ, ತಮ್ಮಾ. ಇಂಥಾ ನೀರಾಗ ಮೀನ ಹೆಂಗ ಬದಕಬೇಕು?"

ಶಾಕೀರ ಒಳಗೆ ಹೋದ. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ನೀರು ಹರಳಿನಂತೆ ತಿಳಿಯಾಗಿತ್ತು. ಕಲ್ಲುಗಳು ಆಗತಾನೇ ಕ್ಷೌರ ಮಾಡಿಸಿಕೊಂಡವರ ಗದ್ದದಂತೆ ಬೆಳ್ಳಗೆ, ನುಣ್ಣಗೆ ಕುಳಿತಿದ್ದವು. ಒಂದು ಹುಳುವೂ ಇರಲಿಲ್ಲ, ಒಂದು ಹೂವೂ ಇರಲಿಲ್ಲ.

"ಪಾಚಿ ಹಿಡಿದಿದ್ವು," ಎಂದಳು ರಾಚವ್ವ. "ಸಬಕಾರ ಹಚ್ಚಲಿಲ್ಲಪಾ, ಮೀನಕ ಆಗೂದಿಲ್ಲಂತ. ಬರೇ ತೆಂಗಿನ ನಾರಿಲೆ ತಿಕ್ಕಿ ತೊಳದ್ವಿ."

ನಲವತ್ತು ದಿನ ಅವನ ಕಣ್ಣ ಮುಂದೆ ಒಂದೊಂದಾಗಿ ಹಾದುಹೋದವು. ಕೂಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ರಾಚವ್ವನ ಅಂಗಳದಲ್ಲಿ ಬೋರಲು ಹಾಕಿದ ಕೊಡಗಳು ಕಂಡವು. ಓಣಿಗೆ ಎಂಟು ದಿನಕ್ಕೊಮ್ಮೆ ನಳ ಬರುತ್ತಿತ್ತು. ಇನ್ನು ಬರುವುದು ಶುಕ್ರವಾರ. ಇಂದು ಸೋಮವಾರ.

"ಆ ನೀರ ಚೆಲ್ಲಿ ಎಷ್ಟು ಕೊಡ ಹಾಕಿದ್ರಿ, ಆಯೀ?"

"ಹದಿನೆಂಟು. ಮನಿಗೆ ಎರಡು ಅಂತ ಎಲ್ಲಾರೂ ಕೊಟ್ರು. ನಾವು ಹೆಂಗರ ಮಾಡ್ತೇವಿ, ಮಾತ ಬರೂ ಮಂದಿ. ಅವು ಬಾಯಿ ಬಿಟ್ಟು ಹೇಳತಾವೇನು?"

ಕಾರವಾರ ಇಲ್ಲಿಂದ ಒಂದು ರಾತ್ರಿಯ ದಾರಿ. ಮೀನಿಗೆ ಉಳಿದದ್ದು ಒಂದೆರಡು ತಾಸು. ಕಣ್ಣೀರೊಂದೇ ಆ ಮನೆಯಲ್ಲಿ ಉಳಿದ ಉಪ್ಪುನೀರು; ಅದೂ ಎರಡು ಮೀನಿಗೆ ಸಾಲುವಷ್ಟಿರಲಿಲ್ಲ.

"ಮೀನ ನೀರಿಗೆ ಬಿಡೋ, ನೋಡೂಣು," ಎಂದರು ಮಾಸ್ತರರು.

ಕೊನೆಯ ಸಲ ಮುಖವನ್ನಾದರೂ ನೋಡೋಣವೆಂದು ಅವನು ಡಬ್ಬಿಯ ಟೇಪು ಬಿಚ್ಚಿದ. ಕಾಗದ ಸರಿಸಿ ಚೀಲ ಮೇಲೆತ್ತಿದ. ದುಂಡು ಹೊಟ್ಟೆಯ, ಹುಡುಗಿಯರ ಪರಕಾರದ ನಿರಿಗೆಯಂಥ ಬಾಲದ, ಕೇಸರಿ-ಬಿಳಿ ಬಣ್ಣದ ಎರಡು ದಪ್ಪ ಮೀನುಗಳು ಬಾಯಿ ತೆರೆದು ಮುಚ್ಚಿ ಅವನನ್ನು ನೋಡಿದವು. ಕೋಡಂಗಿ ಮೀನಲ್ಲ. ಊರೂರ ಹೋಟೆಲಿನ ಗಲ್ಲೆಯ ಪಕ್ಕ ಈಜುವ ಗೋಲ್ಡ್ ಫಿಶ್.

ಜತೆಗೆ ಹಿಂದಿಯಲ್ಲಿ ಒಂದು ಚೀಟಿ: "ಸಮುದ್ರದ ಮಾಲು ಸದ್ಯ ಬರುತ್ತಿಲ್ಲ. ನೀವು ಹೇಳಿದ ಬಣ್ಣದ್ದೇ ಕಳಿಸಿದ್ದೇವೆ. ಸಿಹಿನೀರಿನ ಮೀನು, ಗಟ್ಟಿ ಜೀವ. ಉಪ್ಪು ತಾಗಿಸಬೇಡಿ."

ಶಾಕೀರ ಅದನ್ನು ಎರಡು ಸಲ ಓದಿಕೊಂಡ. ಚೀಲವನ್ನು ಸ್ವಲ್ಪ ಹೊತ್ತು ತೊಟ್ಟಿಯಲ್ಲಿ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿದ. ಮೀನುಗಳು ಹೊರಬಂದು, ಒಂದು ಸುತ್ತು ಹಾಕಿ, ಬೆಳ್ಳನೆಯ ಕಲ್ಲುಗಳ ನಡುವೆ ಹುಟ್ಟಿದ ಮನೆಗೆ ಬಂದವರಂತೆ ಓಡಾಡತೊಡಗಿದವು. ಹೊರಗೆ ನೆರೆದ ಓಣಿಯವರು ಚಪ್ಪಾಳೆ ತಟ್ಟಿದರು.

"ಖರೇ ಹೇಳು ತಮ್ಮಾ," ಎಂದರು ಮಾಸ್ತರರು. "ಆ ಉಪ್ಪುನೀರಾಗ ಬಿಟ್ಟಿದ್ರ ಇವು ಏನಾಗ್ತಿದ್ವು?"

ಸುಳ್ಳು ಹೇಳಲು ಶಾಕೀರನಿಗೆ ದಾರಿಯೇ ಇರಲಿಲ್ಲ.

"ಸಾಯ್ತಿದ್ವುರಿ."

ಮಾಸ್ತರರು ಓಣಿಯ ಕಡೆ ತಿರುಗಿ ತಲೆಯಾಡಿಸಿದರು. ಆಮೇಲೆ ಶಾಕೀರನ ಹೆಗಲ ಮೇಲೆ ಕೈಯಿಟ್ಟು, "ನೀ ಚಿಂತಿ ಮಾಡಬ್ಯಾಡ," ಎಂದರು. "ನಾಳಿಂದ ದಿನಾ ಮುಂಜಾನೆ ನಾನ ಬಂದು ನಾಲಿಗಿಗೆ ಹಚ್ಚಿ ನೋಡತೇನಿ. ನಾ ಇರೂತನಕಾ ಈ ತೊಟ್ಟಿಗೆ ಒಂದ್ ಹರಳ ಉಪ್ಪು ಬೀಳಾಕ ಬಿಡೂದಿಲ್ಲ."